ನೀರುನಾಯಿಯ ಹೆಜ್ಜೆಗೊಂದು ಕೋಣೆ: ಊರಿನ ಸಂಗ್ರಹಾಲಯದಿಂದ ಹೊಳೆ, ಗುಡ್ಡ ಉಳಿದಾವೇ?

ಪ್ರಶ್ನೆ: ಗಂಗಾವತಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಊರೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಯ ಹಳೆಯ ಕಟ್ಟಡದಲ್ಲಿ 20 ಅಡಿ ಉದ್ದ, 16 ಅಡಿ ಅಗಲದ ಕೋಣೆಯೊಂದು ಖಾಲಿ ಬಿದ್ದಿದೆ. ಅದನ್ನು ನಮ್ಮ ಸೀಮೆಯ ಪ್ರಾಣಿ, ಪಕ್ಷಿ, ಗಿಡಮರಗಳ ಸಂಗ್ರಹಾಲಯ ಮಾಡಬೇಕೆಂದಿದ್ದೇವೆ. ಊರವರು ಚಿಗರಿ ಕೋಡು, ನವಿಲುಗರಿ, ಗೀಜಗನ ಗೂಡು ತಂದುಕೊಡುತ್ತೇವೆ ಎನ್ನುತ್ತಿದ್ದಾರೆ. ಹಳೆಯ ಮನೆತನದವರೊಬ್ಬರ ಬಳಿ ತುಂಬಿಸಿಟ್ಟ ಕರಡಿಯ ತಲೆ ಇದೆ. ಪಂಚಾಯಿತಿಯವರು ದೊಡ್ಡ ಟಿ.ವಿ. ಕೊಡಿಸಲು ಸಿದ್ಧರಿದ್ದಾರೆ. ಎಲ್ಲಿಂದ ಶುರು ಮಾಡಬೇಕು? ಇದನ್ನೆಲ್ಲ ನೋಡಿ ಹೋದವರು ಹೊಳೆ, ಗುಡ್ಡ ಉಳಿಸಲು ನಿಜಕ್ಕೂ ಮುಂದಾಗುತ್ತಾರೆಯೇ?

ಉತ್ತರ: ಗುರುಗಳೇ, ನೀವು ಕೊನೆಗೆ ಕೇಳಿದ್ದಕ್ಕೇ ಮೊದಲು ಉತ್ತರಿಸಬೇಕು. ಕೋಣೆಯಲ್ಲಿ ಏನಿಡಬೇಕು ಎಂಬುದು ಅದರ ಮೇಲೆಯೇ ನಿಂತಿದೆ.

ನೋಡಿದ ಮಾತ್ರಕ್ಕೆ ಯಾರೂ ಬದಲಾಗುವುದಿಲ್ಲ. ಹೊಳೆಯಲ್ಲಿ ತೋಟೆ ಸಿಡಿಸಿ ಮೀನು ಹಿಡಿಯುವವನಿಗೆ ನೀರುನಾಯಿ ಎಲ್ಲಿ ಮಲಗುತ್ತದೆ, ಯಾವ ಹೊತ್ತಿಗೆ ಈಜುತ್ತದೆ ಎಂಬುದು ಪುಸ್ತಕ ಓದಿದವರಿಗಿಂತ ಚೆನ್ನಾಗಿ ಗೊತ್ತು. ಅವನಿಗೆ ತಿಳಿವಳಿಕೆಯ ಕೊರತೆಯಿಲ್ಲ. ಆ ಪ್ರಾಣಿ ಉಳಿದರೆ ತನಗೇನು, ಅಳಿದರೆ ಊರಿಗೇನು ಎಂಬ ನಂಟು ಕಡಿದುಹೋಗಿದೆ. ಆ ನಂಟನ್ನು ಮತ್ತೆ ಕಟ್ಟುವುದು ಸಂಗ್ರಹಾಲಯದ ಕೆಲಸ. ಅದಕ್ಕೊಂದು ಕಟ್ಟುಪಾಡು ಹಾಕಿಕೊಳ್ಳಿ: ಕೋಣೆಯೊಳಗೆ ಕಂಡದ್ದನ್ನು ಮಗು ಅದೇ ವಾರ ನಡೆದುಹೋಗಿ ಹೊರಗೆ ಕಾಣುವಂತಿರಬೇಕು, ಹೊರಗೆ ಕಂಡದ್ದು ಮರಳಿ ಕೋಣೆಗೆ ಬಂದು ದಾಖಲಾಗಬೇಕು. ಹೀಗೆ ಹೋಗಿಬರುವ ದಾರಿ ಇಲ್ಲದ ವಸ್ತು ಎಷ್ಟೇ ಚೆಂದವಿದ್ದರೂ ನಿಮ್ಮ ಕೋಣೆಗೆ ಬೇಡ.

ಸಂಗ್ರಹಾಲಯಗಳಿಂದ ನಿಸರ್ಗ ಉಳಿದದ್ದುಂಟೇ ಎಂದರೆ, ಉಂಟು. ಅಮೆರಿಕದ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಸತ್ತ ಪ್ರಾಣಿಗಳ ತೊಗಲು ತುಂಬುವ ಕೆಲಸದಲ್ಲಿದ್ದ ವಿಲಿಯಂ ಹಾರ್ನಡೆ 1886ರಲ್ಲಿ ಕಾಡೆಮ್ಮೆಯಂಥ ಬೈಸನ್‌ಗಳನ್ನು ಹುಡುಕಿ ಹೋದಾಗ ಲಕ್ಷಗಟ್ಟಲೆ ಇದ್ದ ಹಿಂಡುಗಳು ಕರಗಿಹೋಗಿದ್ದವು. 1888ರಲ್ಲಿ ಅವನು ವಾಷಿಂಗ್ಟನ್ನಿನಲ್ಲಿ ನಿಲ್ಲಿಸಿದ ಬೈಸನ್ ಗುಂಪು ಜನರ ಮನಸ್ಸನ್ನು ಕಲಕಿತು. ಅವನು ಅಲ್ಲಿಗೇ ನಿಲ್ಲದೆ ಬದುಕಿರುವ ಪ್ರಾಣಿಗಳಿಗಾಗಿ ಓಡಾಡಿದ. 1905ರಲ್ಲಿ ಹುಟ್ಟಿದ ಬೈಸನ್ ಸಂಘದ ಮುಂಚೂಣಿಯಲ್ಲಿದ್ದ. ನ್ಯೂಯಾರ್ಕಿನ ಸಂಗ್ರಹಾಲಯಕ್ಕಾಗಿ 1921ರಲ್ಲಿ ಗೊರಿಲ್ಲಾ ತರಲು ಕಾಂಗೋಗೆ ಹೋದ ಕಾರ್ಲ್ ಏಕ್ಲಿ, ಮರಳಿ ಬಂದು, ಆಗ ಕಾಂಗೋವನ್ನು ಆಳುತ್ತಿದ್ದ ಬೆಲ್ಜಿಯಂ ದೊರೆಯ ಮನವೊಲಿಸಿದ. 1925ರಲ್ಲಿ ಆಫ್ರಿಕಾದ ಮೊದಲ ರಾಷ್ಟ್ರೀಯ ಉದ್ಯಾನ ಕಾಂಗೋದಲ್ಲಿ ಏರ್ಪಟ್ಟಿತು. ಇಬ್ಬರೂ ಪ್ರಾಣಿಗಳನ್ನು ಕೊಂದೇ ತಂದವರು, ಆ ದಾರಿ ಈಗ ನಮಗೆ ಬೇಡ. ಆದರೆ ಪ್ರದರ್ಶನದ ಬೆನ್ನಿಗೇ ಅವರು ಒಂದು ಬೇಡಿಕೆ ಇಟ್ಟರು, ಅದು ಮುಖ್ಯ.

ಮೂರನೆಯ ಉದಾಹರಣೆ ನಿಮ್ಮ ಕೋಣೆಗೆ ಇನ್ನೂ ಹತ್ತಿರದ್ದು. ಬ್ರಿಟನ್ನಿನಲ್ಲಿ ದೊಡ್ಡ ಚಾಣಗಳು ಕಡಿಮೆಯಾಗುತ್ತಿದ್ದಾಗ ಡೆರೆಕ್ ರ್ಯಾಟ್‌ಕ್ಲಿಫ್ ಎಂಬ ಪಕ್ಷಿತಜ್ಞರು ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆಚಿಪ್ಪುಗಳನ್ನು ತೂಗಿ, ಅಳೆದು ನೋಡಿದರು. 1940ರ ದಶಕದ ಕೊನೆಯಿಂದೀಚೆಗಿನ ಚಿಪ್ಪುಗಳು ತೆಳ್ಳಗಾಗಿದ್ದವು, ಅಂದರೆ ಡಿ.ಡಿ.ಟಿ. ಎಂಬ ಕೀಟನಾಶಕ ಬಳಕೆಗೆ ಬಂದ ಕಾಲದಿಂದ. 1967ರಲ್ಲಿ ಇದು ಪ್ರಕಟವಾಯಿತು. ಆ ಚಿಪ್ಪುಗಳ ಮೇಲೆ ಯಾರೋ ಹಿಂದೆ ತಾರೀಖು, ಊರು ಬರೆದಿಡದೆ ಇದ್ದಿದ್ದರೆ ವಿಷದ ಜಾಡು ಸಿಗುತ್ತಲೇ ಇರಲಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಈಗ ನಿಮ್ಮ ಸೀಮೆ. ಮೊದಲ ತಪ್ಪು ಆಗುವುದು ಇಲ್ಲಿಯೇ: ಹುಲಿ, ಆನೆ, ಹಿಮಕರಡಿಯ ಚಿತ್ರ ಅಂಟಿಸುವುದು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ದೇಶದಲ್ಲಿ ನೀರುನಾಯಿಗೆಂದೇ ಮೀಸಲಾದ ಮೊದಲ ಪ್ರದೇಶ ಅದು. ನಿಮ್ಮದೇ ತಾಲ್ಲೂಕಿನ ಬಂಕಾಪುರದ ಕುರುಚಲು ಗುಡ್ಡಗಳಲ್ಲಿ ತೋಳಗಳಿವೆ. ಸುಮಾರು 332 ಹೆಕ್ಟೇರ್ ಜಾಗ ತೋಳಧಾಮವೆಂದು ಗುರುತಾಗಿದೆ. ಹೊಳೆ ದಾಟಿದರೆ 1994ರಲ್ಲಿ ಸ್ಥಾಪನೆಯಾದ ದರೋಜಿ ಕರಡಿಧಾಮ. ಈ ಮೂರೇ ಪ್ರಾಣಿ ಸಾಕು: ಹೊಳೆಗೆ ನೀರುನಾಯಿ, ಹುಲ್ಲುಗಾವಲಿಗೆ ತೋಳ, ಬಂಡೆಗುಡ್ಡಕ್ಕೆ ಕರಡಿ. 320 ಚದರಡಿಯಲ್ಲಿ ಮೂವತ್ತು ಪ್ರಾಣಿ ತುರುಕಿದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ.

ಇದೇ ಪ್ರಶ್ನೆ ಸಿರುಗುಪ್ಪದ ಕಡೆಯಿಂದ ಬಂದಿದ್ದರೆ ನೀರುನಾಯಿಯ ಜಾಗಕ್ಕೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಬರುತ್ತಿತ್ತು, ಎರೆಸೀಮೆಯವರು ಎರೆಭೂತ ಎಂದು ಕರೆಯುವ ಹಕ್ಕಿ. ಗಂಡು ಒಂದು ಮೀಟರ್ ಎತ್ತರ, 15 ಕಿಲೋವರೆಗೆ ತೂಕ. ಹೆಣ್ಣು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲೆ ಇಡುತ್ತದೆ. ದೇಶದಲ್ಲೆಲ್ಲ ಸೇರಿ 200ಕ್ಕೂ ಕಡಿಮೆ ಉಳಿದಿವೆ. ಅಲ್ಲಿಯ ಓದುಗರಿಗೆ ಒಂದು ಸಲಹೆ: ಮೂರಡಿ ಚೌಕದ ಹರಿವಾಣದಲ್ಲಿ ಎರೆಮಣ್ಣು ಹರಡಿ, ಟ್ರ್ಯಾಕ್ಟರ್ ಗಾಲಿಯ ಅಚ್ಚು ಒತ್ತಿ, ಅದರ ಪಕ್ಕ ಸುಮಾರು 8 ಸೆಂ.ಮೀ. ಉದ್ದದ, ಮಬ್ಬು ಕಂದು ಬಣ್ಣದ ಒಂದೇ ಒಂದು ಮಣ್ಣಿನ ಮೊಟ್ಟೆ ಇಡಿ. ಎರಡು ಮೀಟರ್ ದೂರ ನಿಲ್ಲಿಸಿ ಹುಡುಕಲು ಹೇಳಿ. ಹೊಲ ಹೊಡೆಯುವ ರೈತನಿಗೆ ಆ ಹುಡುಕಾಟ ಹೇಳುವಷ್ಟನ್ನು ಯಾವ ಭಾಷಣವೂ ಹೇಳಲಾರದು.

ಊರವರು ಕೊಡುವ ವಸ್ತುಗಳ ವಿಷಯ ಬಹಳ ಗಂಭೀರವಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯ ಕೋಡು, ತೊಗಲು, ಉಗುರು, ತಲೆಬುರುಡೆ ಎಲ್ಲವೂ ನಿಯಂತ್ರಿತ ವಸ್ತುಗಳು. ಸತ್ತು ಬಿದ್ದದ್ದು ಸಿಕ್ಕರೂ ಅದು ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅರಣ್ಯಾಧಿಕಾರಿಗೋ ತಿಳಿಸಬೇಕು. ಒಳ್ಳೆಯ ಉದ್ದೇಶಕ್ಕೆ ಇಟ್ಟುಕೊಂಡಿದ್ದೆವು ಎಂಬ ಮಾತು ನಡೆಯುವುದಿಲ್ಲ. ಚಿಗರಿ ಕೋಡನ್ನು ತೆಗೆದುಕೊಳ್ಳಬೇಡಿ. ಕರಡಿ ತಲೆಯನ್ನೂ ಬೇಡ ಎನ್ನಿ. ವಂಶಪಾರಂಪರ್ಯವಾಗಿ ಬಂದದ್ದನ್ನು ಆ ಮನೆಯವರು ಒಡೆತನದ ಪ್ರಮಾಣಪತ್ರದೊಂದಿಗೆ ಇಟ್ಟುಕೊಳ್ಳುವ ಮಾತು ಬೇರೆ. ಅದನ್ನು ಇನ್ನೊಬ್ಬರು ದಾನವಾಗಿ ಪಡೆಯುವುದು ಬೇರೆ. ಶಾಲೆಯ ಕೋಣೆ ಸರ್ಕಾರಿ ಸಂಗ್ರಹಾಲಯ ಆಗುವುದಿಲ್ಲ. ಆ ಮನೆತನದವರು ವಲಯ ಅರಣ್ಯಾಧಿಕಾರಿಯನ್ನು ಕಂಡು ಮಾತಾಡಲಿ. ಅದರ ಜೊತೆಗೆ ಆರೋಗ್ಯದ ಮಾತೂ ಇದೆ: ಹಿಂದೆ ತೊಗಲಿಗೆ ಹುಳ ಹಿಡಿಯದಂತೆ ಪಾಷಾಣ ಬೆರೆಸಿದ ಸಾಬೂನು ಸವರುವ ಪದ್ಧತಿ ಜಗತ್ತಿನೆಲ್ಲೆಡೆ ಇತ್ತು. ಹಳೆಯ ತುಂಬಿಸಿದ ಪ್ರಾಣಿಯನ್ನು ಮಕ್ಕಳು ಸವರಿ, ಅದೇ ಕೈಯಲ್ಲಿ ಊಟ ಮಾಡುವುದು ಅಪಾಯ.

ನವಿಲಿನ ಬಾಲದ ಗರಿಗೆ ಕಾನೂನು ಸಡಿಲು ಬಿಟ್ಟಿದೆ, ಆದರೆ ನೆಲಕ್ಕೆ ಉದುರಿದ್ದನ್ನಷ್ಟೇ ತನ್ನಿ. ಗೂಡು ಕೆಡಿಸುವುದು, ಮೊಟ್ಟೆ ಹಾಳುಮಾಡುವುದು ಕಾಯ್ದೆಯಲ್ಲಿ ‘ಬೇಟೆ’ಯ ವ್ಯಾಖ್ಯೆಯೊಳಗೇ ಬರುತ್ತದೆ. ಮಕ್ಕಳಿಗೆ ‘ಗೂಡು ತನ್ನಿ’ ಎಂದು ಒಮ್ಮೆ ಹೇಳಿದರೆ ಮರುದಿನ ಮರಿ ಇರುವ ಗೂಡೇ ಬಂದೀತು, ಹೇಳಲೇಬೇಡಿ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ಕಡೆಯಿಂದ ಮಡಕೆಚೂರು, ಕಲ್ಲಿನ ಆಯುಧ ಎತ್ತಿ ತರುವುದೂ ಬೇಡ. ಎತ್ತಿದ ಕ್ಷಣವೇ ಅದು ಎಲ್ಲಿತ್ತು, ಯಾವುದರ ಪಕ್ಕ ಇತ್ತು ಎಂಬ ಮಾಹಿತಿ ಹೋಗಿಬಿಡುತ್ತದೆ. ಫೋಟೋ ತೆಗೆದು, ಜಾಗ ಬರೆದು, ಪುರಾತತ್ವ ಇಲಾಖೆಗೆ ತಿಳಿಸಿ.

ಹಾಗಾದರೆ ಕೋಣೆಯಲ್ಲಿ ಏನಿಡಬೇಕು? ಹೆಜ್ಜೆಯ ಅಚ್ಚು. ಪ್ರಾಣಿಗೆ ನೋವಿಲ್ಲ, ಕಾನೂನಿಗೆ ಅಡ್ಡಿಯಿಲ್ಲ, ಮಕ್ಕಳೇ ಮಾಡಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ‘ಇದು ಮೊನ್ನೆ ಇಲ್ಲಿಯೇ ನಡೆದುಹೋಯಿತು’ ಎಂಬುದಕ್ಕೆ ಅದು ಸಾಕ್ಷಿ.

ಸಂರಕ್ಷಿತ ಪ್ರದೇಶವಾದ್ದರಿಂದ ಮೊದಲು ವಲಯ ಅರಣ್ಯಾಧಿಕಾರಿಗೆ ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಥಟ್ಟನೆ ಏರುತ್ತದೆ. ಹೊಳೆಯನ್ನು ಬಲ್ಲ ಮೀನುಗಾರರೊಬ್ಬರು ಜೊತೆಗಿಲ್ಲದೆ ಮಕ್ಕಳನ್ನು ಇಳಿಸಬೇಡಿ. ಬೆಳಗಿನ ಏಳರ ಹೊತ್ತು ಒಳ್ಳೆಯದು: ಬಿಸಿಲು ಓರೆಯಾಗಿ ಬೀಳುವುದರಿಂದ ಹೆಜ್ಜೆಯ ಅಂಚಿನ ನೆರಳು ಎದ್ದು ಕಾಣುತ್ತದೆ. ನೀರುನಾಯಿಗೆ ಐದು ಬೆರಳು. ಒದ್ದೆ ಕೆಸರಿನಲ್ಲಿ ಬೆರಳ ನಡುವಿನ ಪೊರೆಯ ಗುರುತೂ ಮೂಡುತ್ತದೆ. ನಾಯಿ, ನರಿ, ತೋಳಕ್ಕೆ ನಾಲ್ಕೇ ಬೆರಳು, ಮುಂದೆ ಉಗುರಿನ ಚುಕ್ಕಿ. ಬೆಕ್ಕಿನ ಜಾತಿಗೆ ನಾಲ್ಕು ಬೆರಳಿದ್ದರೂ ಉಗುರಿನ ಗುರುತಿಲ್ಲ. ಬಂಡೆಯ ಮೇಲೆ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು ತುಂಬಿದ, ಮೀನುವಾಸನೆಯ ಹಿಕ್ಕೆ ಕಂಡರೆ ಹತ್ತಿರದಲ್ಲೇ ನೀರುನಾಯಿ ಓಡಾಡಿದೆ ಎಂದರ್ಥ. ಬಿಲ ಕಂಡರೆ ಅಲ್ಲಿಂದ ಹಿಂದಕ್ಕೆ ಸರಿಯಿರಿ, ಬಿಲದ ಬಾಯಲ್ಲಿ ಅಚ್ಚು ತೆಗೆಯುವುದು ಬೇಡ.

ಅಚ್ಚು ತೆಗೆಯುವುದಕ್ಕೆ ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಅಚ್ಚು ಕೆಟ್ಟರೂ ದಾಖಲೆ ಉಳಿಯುತ್ತದೆ. ಹಳೆಯ ಪ್ಲಾಸ್ಟಿಕ್ ಡಬ್ಬಿಯಿಂದ 5 ಸೆಂ.ಮೀ. ಎತ್ತರದ ಪಟ್ಟಿ ಕತ್ತರಿಸಿ, ಬಳೆಯಂತೆ ಬಾಗಿಸಿ, ಹೆಜ್ಜೆಯ ಸುತ್ತ ಎರಡು ಬೆರಳು ಜಾಗ ಬಿಟ್ಟು ಒಂದು ಸೆಂ.ಮೀ. ಆಳಕ್ಕೆ ಒತ್ತಿ. ಅಳತೆ ಹೀಗೆ: ಒಂದು ಬಟ್ಟಲು ನೀರಿಗೆ ಎರಡು ಬಟ್ಟಲು ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಉದುರಿಸಿದ ಮೇಲೆ ಒಂದು ನಿಮಿಷ ಸುಮ್ಮನೆ ಬಿಡಿ, ಪುಡಿ ನೀರು ಕುಡಿಯಲಿ. ಆಮೇಲೆ ನಿಧಾನವಾಗಿ ಕಲಸಿ, ರಭಸದಿಂದ ಕಡೆದರೆ ಗುಳ್ಳೆ ಬಂದು ಬೆರಳ ತುದಿಯಲ್ಲೇ ತೂತು ಬೀಳುತ್ತದೆ. ದೋಸೆ ಹಿಟ್ಟಿನ ಹದ ಬಂದಾಗ ಹೆಜ್ಜೆಯ ಮೇಲೆ ನೇರ ಸುರಿಯದೆ, ಪಟ್ಟಿಯ ಅಂಚಿಗೆ ಸುರಿದು ತಾನಾಗಿ ಹರಿದು ತುಂಬುವಂತೆ ಮಾಡಿ. ಮೂರು ಸೆಂ.ಮೀ. ದಪ್ಪವಿರಲಿ. ಒಂದು ಕಿಲೋ ಪುಡಿಯಲ್ಲಿ ಎರಡು ಮೂರು ಅಚ್ಚು ಆಗುತ್ತವೆ.

30ರಿಂದ 45 ನಿಮಿಷಕ್ಕೆ ಗಟ್ಟಿಯಾಗುತ್ತದೆ. ಬೆರಳಿನಿಂದ ಕೀಳಬೇಡಿ, ಸುತ್ತಲಿನ ಮಣ್ಣಿನ ಸಮೇತ ಕಳೆ ಕೀಳುವ ಕುರ್ಚಿಗೆಯಿಂದ ಎಬ್ಬಿಸಿ, ಕಾಗದದಲ್ಲಿ ಸುತ್ತಿ ತನ್ನಿ. ಹಸಿ ಅಚ್ಚನ್ನು ಅಂದೇ ತೊಳೆದರೆ ಅಂಚು ಸವೆಯುತ್ತದೆ. ಎರಡು ದಿನ ನೆರಳಲ್ಲಿ ಒಣಗಿಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಹಿಂಬದಿಗೆ ಮಾತ್ರ, ಸುರಿದ ಮೇಲೆ ಇನ್ನೂ ಮೆತ್ತಗಿರುವಾಗಲೇ ತಾರೀಖು, ಜಾಗ ಕೊರೆದು ಬರೆಯಿರಿ. ಅಂಟಿಸಿದ ಚೀಟಿ ವರ್ಷದೊಳಗೆ ಉದುರುತ್ತದೆ.

ಕೆಡುವುದು ಎಲ್ಲಿ? ಹೆಚ್ಚಾಗಿ ಪುಡಿಯಲ್ಲಿ. ಬಾಯಿ ತೆರೆದಿಟ್ಟ ಚೀಲ ಗಾಳಿಯ ತೇವ ಹೀರಿದ್ದರೆ ಎಷ್ಟು ಕಾದರೂ ಗಟ್ಟಿಯಾಗದೆ ಸುಣ್ಣದ ಮುದ್ದೆಯಂತೆ ಉಳಿಯುತ್ತದೆ. ಮನೆಯಲ್ಲೇ ಒಂದು ಚಮಚ ಕಲಸಿ ಪರೀಕ್ಷಿಸಿಕೊಂಡು ಹೋಗಿ. ಹೆಜ್ಜೆಯಲ್ಲಿ ನೀರು ನಿಂತಿದ್ದರೆ ಹತ್ತಿ ಬಟ್ಟೆಯ ತುದಿಯಿಂದ ಹೀರಿ ತೆಗೆಯಿರಿ. ಮತ್ತೊಂದು ಎಚ್ಚರಿಕೆಯನ್ನು ಮಕ್ಕಳಿಗೆ ಎರಡೆರಡು ಸಲ ಹೇಳಿ: ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಅದರಲ್ಲಿ ಕೈ ಅದ್ದಿ ಅಚ್ಚು ತೆಗೆಯುವ ಆಟ ಆಡಿದರೆ ಚರ್ಮ ಸುಡುತ್ತದೆ. ಉಳಿದದ್ದನ್ನು ಹೊಳೆಗೆ ಚೆಲ್ಲದೆ, ಗಟ್ಟಿಯಾದ ಮೇಲೆ ಚೀಲದಲ್ಲಿ ವಾಪಸು ತನ್ನಿ.

ಅಚ್ಚಿನ ಪಕ್ಕ ಪ್ರಾಣಿಯ ಪೂರ್ತಿ ರೂಪವೂ ಬೇಕಲ್ಲವೇ? ತುಂಬಿಸಿದ ತೊಗಲಿಗೆ ಬದಲು ನಿಮ್ಮ ಜಿಲ್ಲೆಯಲ್ಲೇ ಅದಕ್ಕಿಂತ ಒಳ್ಳೆಯ ದಾರಿ ಇದೆ: ಕಿನ್ನಾಳದ ಚಿತ್ರಗಾರರು. ಹಗುರವಾದ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸಿ, ಗೋಣಿನಾರು, ಮರದ ಹೊಟ್ಟು, ಅದೇ ಅಂಟು ಸೇರಿಸಿ ಅರೆದ ಕಿಟ್ಟದಿಂದ ಮೈ ತುಂಬಿ ಬಣ್ಣ ಹಚ್ಚುವ ಕಲೆ ಅದು. ನಿಜಗಾತ್ರದ ಒಂದು ನೀರುನಾಯಿ ಮಾಡಿಸಿ. ಬಾಲ ಸೇರಿ ಸುಮಾರು 110 ಸೆಂ.ಮೀ. ಉದ್ದವಿರಲಿ. ‘ನೀರುನಾಯಿ ಮಾಡಿಕೊಡಿ’ ಎಂದಷ್ಟೇ ಹೇಳಿದರೆ ನಾಯಿಮರಿಯ ಮುಖ, ದೊಡ್ಡ ಕಣ್ಣು, ದುಂಡು ಬಾಲದ ಗೊಂಬೆ ಬರುತ್ತದೆ. ಅದು ಕಲಾವಿದರ ತಪ್ಪಲ್ಲ, ಅವರಿಗೆ ಸರಿಯಾದ ನಕ್ಷೆ ಕೊಡಬೇಕು. ಪಕ್ಕದಿಂದ, ಮೇಲಿನಿಂದ, ಎದುರಿನಿಂದ ತೆಗೆದ ಮೂರು ಚಿತ್ರಗಳ ಮೇಲೆ 10 ಸೆಂ.ಮೀ. ಚೌಕಗಳನ್ನು ಎಳೆದುಕೊಡಿ. ಮೂರು ಅಂಶ ಒತ್ತಿ ಹೇಳಿ: ಕಿವಿ ಪುಟ್ಟವು, ಬಾಲ ಬುಡದಲ್ಲಿ ದಪ್ಪವಾಗಿದ್ದು ತುದಿಯ ಕಡೆ ಚಪ್ಪಟೆ, ಬೆರಳ ನಡುವೆ ಪೊರೆ. ಬಣ್ಣ ಹೊಳಪಿಲ್ಲದ್ದು ಇರಲಿ, ಬೆನ್ನಿಗೆ ಕಂದು, ಕೊರಳು ಹೊಟ್ಟೆಗೆ ತಿಳಿ. ಮಕ್ಕಳು ಮುಟ್ಟಿ ಮುಟ್ಟಿ ಬಣ್ಣ ಹೋಗುತ್ತದೆ, ಹೋಗಲಿ. ಮುಟ್ಟಬೇಕೆಂದೇ ಮಾಡಿಸುವುದು. ಕಣ್ಣು ಕಾಣದ ಮಗುವಿಗೆ ನೀರುನಾಯಿ ಎಂದರೇನು ಎಂದು ತಿಳಿಯುವುದು ಅಂಗೈಯಿಂದಲೇ. ವರ್ಷಕ್ಕೊಮ್ಮೆ ಅದೇ ಕಲಾವಿದರನ್ನು ಕರೆಸಿ ಮಕ್ಕಳ ಎದುರೇ ಬಣ್ಣ ಮಾಡಿಸಿ.

ಕರಡಿಯ ಮೂಲೆಗೆ ಇಷ್ಟೇ ಸಾಕು: ಮಣ್ಣಿನಲ್ಲಿ ಮಾಡಿದ ಹಿಕ್ಕೆ, ಅದರಲ್ಲಿ ಹುದುಗಿಸಿದ ನಿಜವಾದ ಬಾರಿ, ಕವಳೆ, ಸೀತಾಫಲ, ಕಕ್ಕೆಯ ಬೀಜಗಳು. ಪಕ್ಕದಲ್ಲಿ ಒಂದು ಜರಡಿ, ಒಂದು ಭೂತಗನ್ನಡಿ. ದರೋಜಿಯಲ್ಲಿ ಬಂಡೆಗೆ ಬೆಲ್ಲ ಸವರಿ ಕರಡಿಗಳನ್ನು ಗೋಪುರದಿಂದ ತೋರಿಸುವುದರಿಂದ ಕರಡಿಗೆ ಬೆಲ್ಲವೇ ಊಟ ಎಂದುಕೊಂಡ ಮಕ್ಕಳಿದ್ದಾರೆ. ಗೆದ್ದಲು, ಇರುವೆ, ಹಣ್ಣು ಅದರ ಊಟ. ಮೇಲಿನ ನಡುವಿನ ಎರಡು ಬಾಚಿಹಲ್ಲು ಕರಡಿಗಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರ್ರನೆ ಹೀರುತ್ತದೆ. ಹಣ್ಣು ತಿಂದು ಗುಡ್ಡದ ತುಂಬ ಬೀಜ ಬಿತ್ತಿಬರುತ್ತದೆ. ಗ್ರಾನೈಟಿಗಾಗಿ ಗುಡ್ಡ ಕರಗಿದರೆ ಮಲಗಲು ಗವಿಯೂ ಇಲ್ಲ, ಬಾರಿಗಿಡವೂ ಇಲ್ಲ ಎಂಬುದು ಆ ಬೀಜಗಳನ್ನು ಎಣಿಸಿದವರಿಗೆ ಬೇಗ ಅರ್ಥವಾಗುತ್ತದೆ.

ಬರಹದ ಫಲಕಗಳಲ್ಲಿ ನಮ್ಮ ಸಂಗ್ರಹಾಲಯಗಳು ಬಹಳ ಸೋಲುತ್ತವೆ. ವೈಜ್ಞಾನಿಕ ಹೆಸರು, ವರ್ಗ, ಗಣ, ಕುಟುಂಬ ಎಂದು ಶುರುವಾದ ಫಲಕವನ್ನು ಯಾರೂ ಎರಡನೆಯ ಸಾಲಿಗೆ ಓದುವುದಿಲ್ಲ. ಹೀಗೆ ಬರೆಯಿರಿ: ‘ಈ ಹೆಜ್ಜೆಯಲ್ಲಿ ಬೆರಳೆಷ್ಟು? ಎಣಿಸಿ. ನಾಯಿಗೆ ನಾಲ್ಕು, ಇದಕ್ಕೆ ಐದು. ನಡುವೆ ತೆಳುಗೆರೆ ಕಂಡಿತೇ? ಅದು ಈಜುವ ಪೊರೆ. ಕೆಳಗೆ ಬರೆದ ದಿನ ಈ ನೀರುನಾಯಿ ನಮ್ಮೂರ ಹೊಳೆದಂಡೆಯಲ್ಲಿ ನಡೆದುಹೋಯಿತು.’ ಒಂದು ಫಲಕಕ್ಕೆ 50 ಪದ ಮೀರಬಾರದು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಇಂಗ್ಲಿಷಿನ ಅಳತೆಯ ಸಾಲಂತರ ಸಾಲದು. ಒಂದೂವರೆ ಪಟ್ಟು ಬಿಡಿ. ಅಕ್ಷರದ ಗಾತ್ರ 30 ಪಾಯಿಂಟಿಗೆ ಕಡಿಮೆ ಬೇಡ. ಮುದ್ರಿಸುವ ಅಂಗಡಿಯಲ್ಲಿ ಯೂನಿಕೋಡಿನಿಂದ ತಮ್ಮ ಬೇರೆ ಫಾಂಟಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದು ದಿನನಿತ್ಯದ ಮಾತು, ಆದ್ದರಿಂದ ಕರಡು ಪ್ರತಿ ಕೈಗೆ ಬಂದ ಮೇಲೇ ಒಪ್ಪಿಗೆ ಕೊಡಿ. ಫ್ಲೆಕ್ಸ್ ಬೇಡವೇ ಬೇಡ. ರಾಜ್ಯದಲ್ಲಿ 2016ರಿಂದಲೇ ಅದಕ್ಕೆ ನಿಷೇಧವಿದೆ. ನಿಸರ್ಗ ಉಳಿಸಿ ಎಂದು ಫ್ಲೆಕ್ಸಿನ ಮೇಲೆ ಬರೆದರೆ ಮಕ್ಕಳು ನಿಮ್ಮನ್ನು ನಂಬುವುದಿಲ್ಲ. ಬಟ್ಟೆ, ಇಲ್ಲವೇ ಕರಿಹಲಗೆಯ ಮೇಲೆ ಕೈಬರಹ ಸಾಕು. ಫಲಕದ ನಡುಭಾಗ ನೆಲದಿಂದ 110ರಿಂದ 120 ಸೆಂ.ಮೀ. ಎತ್ತರಕ್ಕಿರಲಿ. ಐದನೇ ತರಗತಿಯ ಮಗುವೊಂದನ್ನು ಒಂದು ಮೀಟರ್ ದೂರ ನಿಲ್ಲಿಸಿ, ಸಂಜೆ ನಾಲ್ಕರ ಬೆಳಕಿನಲ್ಲಿ ಗಟ್ಟಿಯಾಗಿ ಓದಿಸಿ. ಅದು ಎಲ್ಲಿ ತಡವರಿಸುತ್ತದೋ ಆ ಪದ ತೆಗೆಯಿರಿ.

ಟಿ.ವಿ. ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಧೂಳು, ಬಿಸಿಲು, ಕರೆಂಟಿನ ಏರಿಳಿತಕ್ಕೆ ಅದು ಕೆಡುತ್ತದೆ, ಕೆಟ್ಟ ಪರದೆ ಕೋಣೆಯ ನಡುವೆ ವರ್ಷಗಟ್ಟಲೆ ಕೂರುತ್ತದೆ. ಚೆನ್ನಾಗಿರುವಷ್ಟು ದಿನವೂ ಆಫ್ರಿಕಾದ ಸಿಂಹ ತೋರಿಸಿ ಹೊಳೆಯಿಂದ ಕಣ್ಣು ಬೇರೆಡೆ ಎಳೆಯುತ್ತದೆ. ಅದೇ ಹಣದಲ್ಲಿ ಎರಡು ದುರ್ಬೀನು, ಒಂದು ಸಾದಾ ಕ್ಯಾಮೆರಾ, ಕಿನ್ನಾಳದ ಗೊಂಬೆ ಮಾಡಿಸಿ ಎಂದು ಪಂಚಾಯಿತಿಗೆ ಬರೆದುಕೊಡಿ. ನಿಮ್ಮ ಹೊಳೆಬಯಲನ್ನು ಒಮ್ಮೆಗೇ ತೋರಿಸಬೇಕೆಂದರೆ ಕಮಲಾಪುರದ ಪುರಾತತ್ವ ಸಂಗ್ರಹಾಲಯದಲ್ಲಿರುವ ಹಂಪಿಯ ಮಾದರಿಯನ್ನು ಮಕ್ಕಳೊಂದಿಗೆ ನೋಡಿ ಬನ್ನಿ. ಗುಡ್ಡ, ಹೊಳೆ, ಗುಡಿಗಳನ್ನು ಹದ್ದಿನ ಕಣ್ಣಿನಿಂದ ನೋಡಿದಂತಿದೆ. ಅಂಥದ್ದೇ ಒಂದನ್ನು ನಿಮ್ಮ ಊರಿಗೆ ಕಾಗದದ ಮುದ್ದೆಯಲ್ಲಿ ಕಟ್ಟಿ, ಹೆಜ್ಜೆ ಕಂಡಲ್ಲೆಲ್ಲ ಮಕ್ಕಳು ಬಣ್ಣದ ಗುಂಡುಸೂಜಿ ಚುಚ್ಚಲಿ.

ಕೋಣೆಯ ರಕ್ಷಣೆಯ ಬಗ್ಗೆ ಸಂಕ್ಷಿಪ್ತವಾಗಿ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಮಾಳಿಗೆಗೆ ದಪ್ಪನಾಗಿ ಸುಣ್ಣ ಬಳಿಸಿ, ಪಡುವಣ ಕಿಟಕಿಗೆ ಗೋಣಿಯ ಪರದೆ ಹಾಕಿ. ಗರಿ, ಬಟ್ಟೆ, ಜಲವರ್ಣದ ಚಿತ್ರ ಇವಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿದ್ದರೆ ಬಣ್ಣ ಬೇಗ ಹೋಗುತ್ತದೆ. ಫೋನಿನ ಬೆಳಕುಮಾಪಕದಲ್ಲಿ ಅಂದಾಜು ಸಿಗುತ್ತದೆ. ಬೀಜ, ಕಾಯಿ, ಗರಿಗಳನ್ನು ಕೋಣೆಗೆ ತರುವ ಮೊದಲು ದಪ್ಪ ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, −18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ತಕ್ಷಣ ಬಿಚ್ಚಿದರೆ ತಣ್ಣನೆಯ ವಸ್ತುವಿನ ಮೇಲೆ ನೀರು ಕಟ್ಟಿ ಬೂಷ್ಟು ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಮಕ್ಕಳಿರುವಾಗ ನುಸಿಗುಳಿಗೆ ಬಳಸಬೇಡಿ. ದಿಲ್ಲಿಯಲ್ಲಿ 1978ರಲ್ಲಿ ಬಾಗಿಲು ತೆರೆದಿದ್ದ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ 2016ರ ಏಪ್ರಿಲ್ 26ರಂದು ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತು. ಹಳೆಯ ವೈರಿಂಗ್ ಬದಲಿಸಿ, ಬಾಗಿಲ ಪಕ್ಕ ಒಂದು ಅಗ್ನಿಶಾಮಕ ಸಿಲಿಂಡರ್ ಇಡಿ, ರಿಜಿಸ್ಟರಿನ ನಕಲು ಬೇರೆ ಕಟ್ಟಡದಲ್ಲಿರಲಿ.

ಇನ್ನು ಮೀನುಗಾರರು. ಅವರಿಲ್ಲದೆ ಈ ಕೋಣೆ ಮಾಡಿದರೆ ಅದು ಅವರ ವಿರುದ್ಧದ ಕೋಣೆಯಾಗುತ್ತದೆ. ನೀರುನಾಯಿ ಬಲೆ ಹರಿಯುತ್ತದೆ, ಸಿಕ್ಕ ಮೀನು ಕಚ್ಚಿಕೊಂಡು ಹೋಗುತ್ತದೆ. ಇದು ನಿಜವಾದ ನಷ್ಟ. ಆ ನಷ್ಟವನ್ನು ಮುಚ್ಚಿಟ್ಟು ನೀರುನಾಯಿ ಮುದ್ದು ಪ್ರಾಣಿ ಎಂದು ಬರೆದರೆ ಅಂಬಿಗರ ಮನೆಯ ಮಗು ಶಾಲೆಯಲ್ಲಿ ತಲೆತಗ್ಗಿಸಬೇಕಾಗುತ್ತದೆ. ಹರಿದ ಬಲೆಯ ತುಂಡನ್ನು ಗೋಡೆಗೆ ತೂಗುಹಾಕಿ. ಅದನ್ನು ಹೆಣೆಯಲು ಎಷ್ಟು ದಿನ, ಎಷ್ಟು ಖರ್ಚು ಎಂದು ಅವರನ್ನೇ ಕೇಳಿ ಬರೆಯಿರಿ. ಅದರ ಪಕ್ಕದಲ್ಲೇ ಹೊಳೆಯಲ್ಲಿ ಬಿಟ್ಟುಹೋದ ನೈಲಾನ್ ಬಲೆಯ ಸಿಕ್ಕನ್ನಿಡಿ. ಅದು ಕೊಳೆಯುವುದಿಲ್ಲ, ಯಾರೂ ಇಲ್ಲದಿದ್ದರೂ ಮೀನು, ಆಮೆ, ನೀರುನಾಯಿಮರಿ ಹಿಡಿಯುತ್ತಲೇ ಇರುತ್ತದೆ. ತೋಟೆ ಸಿಡಿಸಿದರೆ ದೊಡ್ಡ ಮೀನಿನ ಜೊತೆ ಮರಿಮೀನೆಲ್ಲ ಸಾಯುತ್ತವೆ, ಮುಂದಿನ ವರ್ಷ ಬಲೆಯೂ ಖಾಲಿ, ನೀರುನಾಯಿಯ ಹೊಟ್ಟೆಯೂ ಖಾಲಿ. ಇಬ್ಬರೂ ಒಂದೇ ಹೊಳೆಯ ಪಾಲುದಾರರು ಎಂಬುದು ಇಲ್ಲಿ ತಾನಾಗಿ ಕಾಣುತ್ತದೆ. ಭಾನುವಾರದ ಮಾರ್ಗದರ್ಶಕರು ಹಿರಿಯ ಮೀನುಗಾರರೇ ಆಗಲಿ, ಅವರ ಆ ದಿನದ ಕೂಲಿಯನ್ನು ಪಂಚಾಯಿತಿ ಕೊಡಲಿ. ತೋಳದ ಗೋಡೆಗೆ ಕುರಿಗಾರರನ್ನು ಹೀಗೆಯೇ ಕರೆಯಿರಿ.

ಮೇಲೆ ಮೊಟ್ಟೆಚಿಪ್ಪಿನ ತಾರೀಖಿನ ಮಾತು ಬಂದಿತ್ತು. ನಿಮ್ಮ ಕೋಣೆಯ ನಿಜವಾದ ಆಸ್ತಿ ಒಂದು ಗಟ್ಟಿ ರಟ್ಟಿನ ರಿಜಿಸ್ಟರ್. ಕ್ರಮಸಂಖ್ಯೆ, ತಾರೀಖು, ಹೊತ್ತು, ಜಾಗ, ಏನು ಕಂಡಿತು, ಎಷ್ಟು, ಯಾರು ಕಂಡರು, ಫೋಟೋ ಇದೆಯೇ: ಇಷ್ಟು ಕಲಂ ಸಾಕು. ‘ಹೊಳೆ ಹತ್ತಿರ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಹಳೇ ಪಂಪ್‌ಹೌಸಿನಿಂದ ಮೇಲಕ್ಕೆ ಇನ್ನೂರು ಹೆಜ್ಜೆ, ಎಡದಂಡೆ’ ಎಂದಿರಲಿ. ಏನೂ ಕಾಣದ ದಿನವೂ ‘ಹೋಗಿದ್ದೆವು, ಕಾಣಲಿಲ್ಲ’ ಎಂದು ಬರೆಯಿಸಿ. ಹತ್ತು ವರ್ಷದ ಮೇಲೆ ಪ್ರಾಣಿ ಕಡಿಮೆಯಾಯಿತೋ, ನೋಡಲು ಹೋಗುವವರು ಕಡಿಮೆಯಾದರೋ ಎಂದು ತಿಳಿಯುವುದು ಆ ಸಾಲುಗಳಿಂದಲೇ. ಬಿಲದ ಜಾಗ ಮಾತ್ರ ಗೋಡೆಯ ಮೇಲೆ ಹಾಕಬೇಡಿ, ರಿಜಿಸ್ಟರಿನಲ್ಲೇ ಇರಲಿ; ಕಳ್ಳಬೇಟೆಯವರೂ ಓದಬಲ್ಲರು.

ಈ ರಿಜಿಸ್ಟರಿಗೆ ಕಾನೂನಿನ ಬೆನ್ನೆಲುಬೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಬಹಳ ಕಡೆ ಅದು ಒಮ್ಮೆ ಬರೆದು ಬೀರು ಸೇರಿದ ಕಡತ. ನಿಮ್ಮ ಮಕ್ಕಳು ಬರೆದ ಸಾಲುಗಳು ವರ್ಷಕ್ಕೊಮ್ಮೆ ಸಮಿತಿಯ ಸಹಿಯೊಂದಿಗೆ ಆ ದಾಖಲೆಗೆ ಸೇರಲಿ. ಮುಂದೆ ದಂಡೆಯಲ್ಲಿ ಮರಳು ತೆಗೆಯುವ, ಗುಡ್ಡ ಸಿಡಿಸುವ ಅರ್ಜಿ ಬಂದಾಗ ಗ್ರಾಮಸಭೆಯಲ್ಲಿ ತೆರೆದು ತೋರಿಸಲು ಒಂದು ಪುಟವಿರುತ್ತದೆ.

ಕೊನೆಯದಾಗಿ, ಹೊರಗೆ ಹೋಗುವ ಬಾಗಿಲು. ‘ಪ್ರಕೃತಿ ಉಳಿಸಿ’ ಎಂಬ ಘೋಷಣೆ ಅಲ್ಲಿ ಬೇಡ. ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಎಲ್ಲ ಮುಗಿಯಿತು, ಭೂಮಿ ಹಾಳಾಯಿತು ಎಂಬ ಅಂಕಿಅಂಶವೂ ಬೇಡ. ಹೆದರಿದ ಮನಸ್ಸು ಕೈಚೆಲ್ಲುತ್ತದೆ. ಬಾಗಿಲ ಪಕ್ಕ ಕರಿಹಲಗೆ ಇರಲಿ. ಅದರಲ್ಲಿ ಎರಡೇ ಭಾಗ: ಹೋದ ತಿಂಗಳು ಏನಾಯಿತು, ಈ ತಿಂಗಳು ಏನು ಮಾಡಬೇಕು. ‘ಬಿಟ್ಟುಹೋದ ಬಲೆ ಕಂಡರೆ ತಂದುಕೊಡಿ.’ ‘ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಕಂಡರೆ, ಗಾಯಗೊಂಡ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.’ ಒಂದು ತಿಂಗಳಿಗೆ ಒಂದೇ ಕೆಲಸ. ಮಾಡಿದವರು ಬಂದು ಹೇಳಿದರೆ ಅವರ ಹೆಸರು ಮುಂದಿನ ತಿಂಗಳ ಹಲಗೆಯ ಮೇಲೆ. ಹಲಗೆ ಬದಲಾಗದೆ ಎರಡು ತಿಂಗಳು ಹಾಗೇ ಉಳಿದರೆ ಊರವರು ಬರುವುದು ನಿಲ್ಲುತ್ತದೆ. ಇದನ್ನು ಯಾವ ತರಗತಿ, ಯಾವ ವಾರ ಬರೆಯಬೇಕೆಂದು ವರ್ಷದ ಆರಂಭದಲ್ಲೇ ಗೊತ್ತುಮಾಡಿ.

ಫಲ ಸಿಕ್ಕಿತೋ ಇಲ್ಲವೋ ಎಂದು ನೋಡುವಾಗ ಬಂದವರ ತಲೆ ಎಣಿಸಬೇಡಿ, ‘ಬಹಳ ಚೆನ್ನಾಗಿದೆ’ ಎಂದು ಬರೆದ ಪುಸ್ತಕವನ್ನೂ ನೆಚ್ಚಬೇಡಿ. ರಿಜಿಸ್ಟರಿನ ಕೊನೆಯ ಹಾಳೆಗಳಲ್ಲಿ ಬೇರೆ ಲೆಕ್ಕ ಇಡಿ: ಎಷ್ಟು ಕಿಲೋ ಬಲೆ ಮರಳಿ ಬಂತು, ಎಷ್ಟು ಕರೆ ಅರಣ್ಯ ಇಲಾಖೆಗೆ ಹೋಯಿತು, ಶಾಲೆ ಬಿಟ್ಟ ಮೇಲೂ ಎಷ್ಟು ಹಳೆಯ ವಿದ್ಯಾರ್ಥಿಗಳು ದಂಡೆಗೆ ಹೋಗಿ ಬರೆಯುತ್ತಿದ್ದಾರೆ. ಅಚ್ಚು ತೆಗೆಯಲು ಮಳೆಗಾಲ ಇಳಿದು ದಂಡೆಯ ಕೆಸರು ಬಿಗಿಯಾಗುವ ಕಾಲ ಒಳ್ಳೆಯದು. ಅಷ್ಟರೊಳಗೆ ಅರಣ್ಯ ಇಲಾಖೆಯ ಪತ್ರ, ಹೊಸ ಪ್ಲಾಸ್ಟರ್ ಚೀಲ, ಹೊಳೆ ಬಲ್ಲ ಒಬ್ಬ ಹಿರಿಯರು, ಈ ಮೂರನ್ನು ಹೊಂದಿಸಿಕೊಳ್ಳಿ. ಕೋಣೆಗೆ ಬಣ್ಣ ಆಮೇಲೆ ಬಳಿದರಾಯಿತು.